ಹತ್ತು ನಿಮಿಷ ಮುಂದಿದ್ದ ಗಡಿಯಾರ

ಬಹಳ ಬಹಳ ಹಿಂದೆ, ಏಳು ಬೆಟ್ಟಗಳ ಆಚೆ, ಕಂಚಿನಕೋಟೆ ಎಂಬ ರಾಜ್ಯದಲ್ಲಿ ಗಡಿಯಾರ ಮಾಡುವ ಚೆಲುವವ್ವ ಇದ್ದಳು. ಅವಳಿಗೆ ಇದ್ದವನು ಒಬ್ಬನೇ ಮಗ, ಮಾಚ. ಅವನ ನಿದ್ದೆ ಅಂತಿಂಥ ನಿದ್ದೆಯಲ್ಲ ಕೇಳಿ! ಮೈಮೇಲೆ ನೀರು ಸುರಿದರೂ ಮಗ್ಗುಲು ಬದಲಿಸಿ ಮಲಗುವವನು. ಅದಕ್ಕೇ ಅವ್ವ ಅವನಿಗೆ ತಿಳಿಯದ ಹಾಗೆ ಮನೆಯ ಗಡಿಯಾರವನ್ನು ಹತ್ತು ನಿಮಿಷ ಮುಂದಿಡುತ್ತಿದ್ದಳು. ಮಾಚ ದಿನಾ ತಡವಾಯಿತೆಂದು ಎದ್ದುಬಿದ್ದು ಓಡುತ್ತಿದ್ದ, ದಿನಾ ಸರಿಯಾದ ಹೊತ್ತಿಗೆ ತಲುಪಿ ಬೆರಗಾಗುತ್ತಿದ್ದ.

ಹೀಗಿರಲು ಕಾರ್ಗಣ್ಣನೆಂಬ ಮಾಟಗಾರ ರಾಜ್ಯದ ಗಡಿಗೆ ಕತ್ತಲೆ ಕವಿಸಿ, ಅದರೊಳಗೆ ಕಬ್ಬಿಣದ ಹಂದಿಯೊಂದನ್ನು ಬಿಟ್ಟ. ಸೈನಿಕರು ಕಂದಕ ತೋಡಿ ಅವಿತರು. ಮಾಚನೂ ಅಲ್ಲಿದ್ದ. ಎಲ್ಲರೂ ಒಂದೇ ಗಳಿಗೆಗೆ ಮೇಲೆದ್ದರೆ ಯಾರ ಮೇಲೆ ಎರಗಬೇಕೆಂದು ತಿಳಿಯದೆ ಹಂದಿ ಅವರ ಈಟಿಗಳಿಗೆ ಸಿಕ್ಕಿ ಸಾಯುತ್ತದೆ. ಒಬ್ಬನೇ ಎದ್ದರೆ ಅವನ ಕತೆ ಮುಗಿದಂತೆ. ಆ ಗಳಿಗೆ ತಿಳಿಯುವುದು ಹೇಗೆ? ಕೂಗಿದರೆ ಹಂದಿಗೆ ಕೇಳುತ್ತದೆ. ಸೊಂಟದ ಚೀಲದಿಂದ ಗಡಿಯಾರ ತೆಗೆದು ದೀಪ ಹಿಡಿದವರು ಒಬ್ಬರೂ ಉಳಿಯಲಿಲ್ಲ.

"ಚೆಲುವವ್ವಾ, ಕತ್ತಲಲ್ಲಿ ಕಾಣುವ ಗಡಿಯಾರ ಮಾಡಿಕೊಡು" ಎಂದ ರಾಜ.

"ನನ್ನ ಮಗ ಅಲ್ಲೇ ಇದ್ದಾನೆ ದೊರೆ. ನೀವು ಕೇಳದಿದ್ದರೂ ಮಾಡುತ್ತಿದ್ದೆ."

ಮೊದಲು ಮಿಣುಕುಹುಳ ಹಿಡಿದು ಗಾಜಿನೊಳಗಿಟ್ಟಳು. ಸಂಜೆಗೇ ಸತ್ತವು. ಆಮೇಲೆ ನಾಗಮಣಿ ಅರೆದು ಹಚ್ಚಿದಳು. ಊರೆಲ್ಲ ಬೆಳಗಿತು, ಹಂದಿಗೆ ಕಾಣದೆ ಇದ್ದೀತೇ? ಮೂರನೆಯ ಸಲ ಏಳನೆಯ ಬೆಟ್ಟದ ಗವಿಗೆ ಹೋದಳು. ಅಲ್ಲಿ ಹಸಿರು ಕಲ್ಲು ಕಾಯುತ್ತಿದ್ದ ಕುರುಡು ಹೆಬ್ಬಾವು ತಲೆಯೆತ್ತಿತು.

"ಯಾರಿಗಮ್ಮಾ ಈ ಕಲ್ಲು?"

"ಮಗನಿಗೆ."

"ಬೇರೆಯವರ ಮಕ್ಕಳಿಗೆ?"

"ಅವರಿಗೂ."

"ಹಾಗಾದರೆ ತಗೊಂಡು ಹೋಗು."

ಕಲ್ಲಿನ ಪುಡಿ ಹಚ್ಚಿದ ಅಂಕಿಗಳು ಮಂದವಾಗಿ ಹೊಳೆದವು, ಕಟ್ಟಿಕೊಂಡವನಿಗಷ್ಟೇ ಕಾಣುವಷ್ಟು. ಈಟಿ ಹಿಡಿದ ಕೈ ಬಿಡುವಾಗಿರುವುದಿಲ್ಲ ಎಂದು ಮಣಿಕಟ್ಟಿಗೆ ಬಿಗಿಯಲು ತೊಗಲಿನ ಪಟ್ಟಿ ಹೊಲಿದಳು. ಒಂದೊಂದನ್ನೂ ಅರಮನೆಯ ಗಂಟೆಗೆ ಸರಿಹೊಂದಿಸಿದಳು. ಮಾಚನದು ಕೊನೆಯದು. "ನನ್ನ ನಿದ್ದೆಬುರುಕ, ಅಲ್ಲೂ ಗೊರಕೆ ಹೊಡೀತಿರ್ತಾನೋ ಏನೋ" ಎಂದು ನಕ್ಕಳು. ನಗುನಗುತ್ತಲೇ, ರೂಢಿ ನೋಡಿ, ಅವಳ ಕೈ ಮುಳ್ಳನ್ನು ಹತ್ತು ನಿಮಿಷ ಮುಂದಕ್ಕೆ ತಿರುಗಿಸಿತು. ಅವಳಿಗೆ ಅದು ಗೊತ್ತೇ ಆಗಲಿಲ್ಲ.

ಐದು ಗಂಟೆಗೆ ಏಳಬೇಕೆಂದು ಅಪ್ಪಣೆಯಾಯಿತು. ಸೈನಿಕರು ಎದ್ದರು. ಹಂದಿ ಸತ್ತಿತು, ಕತ್ತಲೆ ಕರಗಿತು, ಕಾರ್ಗಣ್ಣ ಬೂದಿಯಾದ. ಬೀದಿಯಲ್ಲೆಲ್ಲ ಜನ ಕುಣಿದರು. ಚೆಲುವವ್ವ ಮಗನಿಗೆಂದು ಹೋಳಿಗೆ ಬೇಯಿಸುತ್ತಿದ್ದಳು. ಮಾಚನ ಜೊತೆಗಾರನೊಬ್ಬ ಬಾಗಿಲಲ್ಲಿ ನಿಂತು ಗಡಿಯಾರವನ್ನು ಅವಳ ಕೈಗಿಟ್ಟ.

"ನಮಗಿನ್ನೂ ಹತ್ತು ನಿಮಿಷ ಇತ್ತವ್ವಾ. ಇವನು ಮಾತ್ರ 'ಅಯ್ಯೋ, ತಡವಾಯ್ತು' ಅಂತ ಒಬ್ಬನೇ ಹಾರಿಬಿಟ್ಟ. ಯಾಕೋ ತಿಳೀಲಿಲ್ಲ."

ಚೆಲುವವ್ವ ಕೈಯಲ್ಲಿದ್ದ ಗಡಿಯಾರ ನೋಡಿದಳು. ಗೋಡೆಯ ಗಡಿಯಾರ ನೋಡಿದಳು. ಎರಡೂ ಒಂದೇ ಹೊತ್ತು ತೋರಿಸುತ್ತಿದ್ದವು. ಅಯ್ಯೋ, ಆ ತಾಯಿ ಕೂಗಿದ ಕೂಗು ಏಳು ಬೆಟ್ಟಕ್ಕೂ ಕೇಳಿತು.

"ರಾಜ್ಯ ಉಳಿಸಿದೆ ತಾಯಿ, ಏನು ಬೇಕು ಕೇಳು" ಎಂದ ರಾಜ.

"ನನ್ನ ಹತ್ತು ನಿಮಿಷ ವಾಪಸು ಕೊಡಿ ದೊರೆ."

ರಾಜನ ಬೊಕ್ಕಸದಲ್ಲಿ ಅದೊಂದು ಇರಲಿಲ್ಲ.

ಕಂಚಿನಕೋಟೆಯ ಜನ ಬಹುಕಾಲ ಸುಖವಾಗಿ ಬಾಳಿದರು. ಚೆಲುವವ್ವನ ಮನೆಯ ಗಡಿಯಾರ ಅಂದಿನಿಂದ ಸರಿಯಾದ ಹೊತ್ತನ್ನೇ ತೋರಿಸಿತು. ಬೇಗ ಎಬ್ಬಿಸಬೇಕಾದವರು ಆ ಮನೆಯಲ್ಲಿ ಯಾರೂ ಇರಲಿಲ್ಲ.