ನೂರ ಎಂಬತ್ತಾರು ಫಾರಂ

ಸೋಮವಾರ ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಹೆರಿಗೆ ಆಸ್ಪತ್ರೆಯ ನರ್ಸ್ ಠಾಣೆಗೆ ಬಂದು, ಬೀರುವಿನಲ್ಲಿದ್ದ ನೂರ ಎಂಬತ್ತಾರು ಫಾರಂ ಕಳುವಾಗಿವೆ ಎಂದು ದೂರು ಕೊಟ್ಟಳು. ಬೆಲೆ ಎಷ್ಟೆಂದು ರೈಟರ್ ಕೇಳಿದ. ಬರೀ ಕಾಗದ ಎಂದಳು. ರೈಟರ್ ಪೆನ್ನು ಕೆಳಗಿಟ್ಟ.

ಇನ್ಸ್‌ಪೆಕ್ಟರ್ ಅವಳನ್ನು ಕೂರಿಸಿ ವಿಷಯ ಕೇಳಿದರು. ಸಣ್ಣ ಆಸ್ಪತ್ರೆಗಳ ನರ್ಸುಗಳಿಗೆ ಸಂಶೋಧನೆ ಮಾಡುವುದನ್ನು ಕಲಿಸುವ ತರಬೇತಿಗೆ ಇವಳು ಸೇರಿದ್ದಳು. ಬಾಣಂತಿಯರಿಗೆ ಇಷ್ಟೊಂದು ಜ್ವರ ಏಕೆ ಬರುತ್ತದೆ ಎಂಬುದು ಅವಳು ಹಿಡಿದ ಪ್ರಶ್ನೆ. ಆರು ತಿಂಗಳಿಂದ ಒಂದೊಂದು ಹೆರಿಗೆಗೂ ಒಂದೊಂದು ಫಾರಂ ತುಂಬಿದ್ದಳು, ಸಿಬ್ಬಂದಿಯ ಹೆಸರಿನ ಬದಲು ನಂಬರ್ ಹಾಕಿ. ಶುಕ್ರವಾರ ವರದಿ ಒಪ್ಪಿಸಬೇಕು. ನಕಲು ಇರಲಿಲ್ಲ, ಕಂಪ್ಯೂಟರಿಗೆ ಏರಿಸುವುದನ್ನು ಅಂದೇ ಕಲಿಸುವವರಿದ್ದರು.

ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಇನ್ಸ್‌ಪೆಕ್ಟರಿಗೆ ತಮ್ಮ ನೆರಳಿನ ಮೇಲೂ ಪೂರಾ ನಂಬಿಕೆ ಉಳಿದಿರಲಿಲ್ಲ. ಮೊದಲ ಅನುಮಾನ ದೂರು ಕೊಟ್ಟವಳ ಮೇಲೇ. ಕೆಲಸ ಮುಗಿಯದೆ ಕಳುವಿನ ಕತೆ ಕಟ್ಟಿರಬಹುದಲ್ಲ?

"ಎಣಿಸಿದ್ದು ಏನಾದ್ರೂ ಉಳಿದಿದೆಯಾ?"

"ಒಂದು ಚೀಟಿ ಇದೆ ಸರ್. ಜ್ವರ ಬಂದವರು ಮೂವತ್ತೊಂದು. ಅದ್ರಲ್ಲಿ ಹತ್ತೊಂಬತ್ತು ನಾಲ್ಕನೇ ನಂಬರಿನ ಪಾಳಿಲಿ. ಗುರುವಾರದ ಮೀಟಿಂಗಲ್ಲಿ ಓದಿದ್ದೆ."

"ನಾಲ್ಕು ಯಾರು?"

"ಹೇಳಲ್ಲ ಸರ್. ಯಾರ ಹೆಸ್ರನ್ನೂ ಹೊರಗೆ ಬಿಡಲ್ಲ ಅಂತ ಮಾತು ಕೊಟ್ಟಿದೀನಿ."

ಪೊಲೀಸರಿಗೂ ಇಲ್ಲವೇ ಎಂದರೆ ದೂರಿನ ಕಾಗದವನ್ನು ಮುಂದಕ್ಕೆ ತಳ್ಳಿದಳು. ಎಫ್‌ಐಆರ್ ದಾಖಲಾಯಿತು.

ಹನ್ನೆರಡಕ್ಕೆ ಆಸ್ಪತ್ರೆಯಲ್ಲಿ ಪಂಚನಾಮೆ. ಬೂಟು ಬಿಚ್ಚದೆ ಒಳಗೆ ಬರುವಂತಿಲ್ಲ, ಅದು ನಿಯಮ ಎಂದು ವಯಸ್ಸಾದ ಸೂಲಗಿತ್ತಿ ಇನ್ಸ್‌ಪೆಕ್ಟರನ್ನೇ ಬಾಗಿಲಲ್ಲಿ ತಡೆದರು. ಬೀಗ ಒಡೆದಿರಲಿಲ್ಲ. ಕೀಲಿ ಬಾಗಿಲ ಹಿಂದಿನ ಮೊಳೆಯಲ್ಲೇ ತೂಗುತ್ತಿತ್ತು, ಅದು ಆರೂ ಜನ ಸಿಬ್ಬಂದಿಗೆ ಗೊತ್ತಿತ್ತು. ಅಂದರೆ ಕಳ್ಳ ಒಳಗಿನವನೇ. ಡಾಕ್ಟರು ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವ ಪೈಕಿ. ಯಾರೂ ಕೇಳುವ ಮೊದಲೇ ತಾವು ಬೀರುವಿನ ಹತ್ತಿರವೇ ಹೋಗುವುದಿಲ್ಲ ಎಂದರು. ವರದಿ ಮೇಲಿನವರ ಕಣ್ಣಿಗೆ ಬಿದ್ದೀತೆಂಬ ಭಯ ಅವರಿಗಿದ್ದದ್ದು ನಿಜ. ಆದರೆ ಶುಕ್ರವಾರ ಸಂಜೆಯಿಂದ ಸೋಮವಾರ ಬೆಳಿಗ್ಗೆಯವರೆಗೆ ಅವರು ರಜೆಯಲ್ಲಿದ್ದರು, ಫಾರಂಗಳು ಶನಿವಾರ ಬೆಳಿಗ್ಗೆ ಬೀರುವಿನಲ್ಲೇ ಇದ್ದವು.

ಮಂಗಳವಾರ ಹನ್ನೊಂದಕ್ಕೆ ಮಹಿಳಾ ಪೇದೆ ಹಿತ್ತಲಿನಲ್ಲಿ ಹೆರಿಗೆಯ ಕಸ ಹೂಳುವ ಗುಂಡಿಯ ಮುಚ್ಚಳ ತೆಗೆಸಿದಳು. ಮೇಲುಗಡೆಯೇ ಬಿಳಿ ಮುದ್ದೆ. ಕೋಲಿನಿಂದ ಬಿಡಿಸಿದರೆ ಫಾರಂಗಳು. ಶಾಯಿ ಪೂರ್ತಿ ಹೋಗಿತ್ತು, ಬ್ಲೀಚಿಂಗ್ ಪೌಡರಿನ ವಾಸನೆ ಮೂಗಿಗೆ ಹೊಡೆಯುತ್ತಿತ್ತು.

ಬ್ಲೀಚಿಂಗ್ ಏಕೆಂದು ಇನ್ಸ್‌ಪೆಕ್ಟರ್ ಕೇಳಿದರು. ಹತ್ತು ನಿಮಿಷ ಬ್ಲೀಚಿಂಗ್ ನೀರಿನಲ್ಲಿ ನೆನೆಸದೆ ಯಾವುದನ್ನೂ ಗುಂಡಿಗೆ ಹಾಕುವಂತಿಲ್ಲ, ಅದು ನಿಯಮ ಎಂದು ನರ್ಸ್ ಹೇಳಿದಳು. ಹೇಳುತ್ತಲೇ ಅವಳ ಮುಖ ಬಿಳಚಿತು. ಇನ್ಸ್‌ಪೆಕ್ಟರಿಗೂ ಅಷ್ಟು ಸಾಕಾಯಿತು. ಬೇರೆ ಕಳ್ಳನಾದರೆ ಸುಡುತ್ತಿದ್ದ, ಇಲ್ಲವೇ ಹರಿದು ಬಿಸಾಡುತ್ತಿದ್ದ. ಕದ್ದ ಕಾಗದವನ್ನೂ ನಿಯಮದಂತೆ ನೆನೆಸಿ ಹೂಳುವ ಕೈ ಆ ಆಸ್ಪತ್ರೆಯಲ್ಲಿ ಒಂದೇ ಇತ್ತು. ಸೋಮವಾರ ಬೂಟು ಬಿಚ್ಚಿಸಿದ್ದ, ಮಧ್ಯಾಹ್ನದ ಪಾಳಿಯ ಸೂಲಗಿತ್ತಿಯದು. ಮೂವತ್ತೊಂದು ವರ್ಷ ಸರ್ವೀಸಿನ ಅವರನ್ನು ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದರು.

"ದೊಡ್ಡಕ್ಕ, ನಾಲ್ಕನೇ ನಂಬರ್ ನೀವೇನಾ?"

"ಆರು ಜನರ ಆಸ್ಪತ್ರೆ ಸರ್. ನಂಬರ್ ಹಾಕಿದ್ರೆ ಮುಖ ಮುಚ್ಚುತ್ತಾ?"

"ಫಾರಂ ತೆಗೆದಿದ್ದು?"

"ನಾನೇ. ಶನಿವಾರ ಮೂರು ಗಂಟೆಗೆ."

ಒಂದೂ ಇಪ್ಪತ್ತಕ್ಕೆ ದಸ್ತಗಿರಿಯಾಯಿತು. ಏಕೆ ಎಂಬುದನ್ನು ದೊಡ್ಡಕ್ಕ ಹೇಳಿಕೆಯಲ್ಲಿ ತಾವಾಗಿಯೇ ಬರೆಸಿದರು. ಗುರುವಾರದ ಮೀಟಿಂಗಿನ ಮಾತು ಅದೇ ಸಂಜೆ ಅವರ ಮನೆ ತಲುಪಿತ್ತು. ಎಂಟು ತಿಂಗಳ ಬಸುರಿ ಮಗಳು ತಟ್ಟೆಯಿಂದ ತಲೆ ಎತ್ತದೆ ಹೇಳಿದ್ದಳಂತೆ: "ಅಮ್ಮಾ, ನನ್ನ ಹೆರಿಗೆ ನಿನ್ನ ಕೈಲಿ ಬೇಡ." ಊರವರ ಮಾತನ್ನು ದೊಡ್ಡಕ್ಕ ನುಂಗಿಕೊಂಡಾರು, ಇದು ಗಂಟಲಲ್ಲಿ ಇಳಿಯಲಿಲ್ಲ.

ಅಷ್ಟರಲ್ಲಿ ನರ್ಸ್ ಗೋಡೆಗೊರಗಿ ಅಳುತ್ತಿದ್ದಳು. ಎಲ್ಲ ಕಾಲಂ ಎಣಿಸುವ ತನಕ ಯಾರಿಗೂ ಏನೂ ಹೇಳಬಾರದು ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಉತ್ಸಾಹ ತಡೆಯದೆ ಇವಳು ಒಂದೇ ಕಾಲಂ ಎಣಿಸಿ ಓದಿಬಿಟ್ಟಿದ್ದಳು. ಪಕ್ಕದ ಕಾಲಂನಲ್ಲಿ, ಕತ್ತರಿ ಚಿಮಟಗಳನ್ನು ಶುದ್ಧಮಾಡುವ ಸ್ಟೆರಿಲೈಸರ್ ಹಾಕುವ ಹೊತ್ತಿಗೆ ಕರೆಂಟ್ ಇತ್ತೇ ಇಲ್ಲವೇ ಎಂದು ಬರೆದಿತ್ತು. ಇನ್ಸ್‌ಪೆಕ್ಟರ್ ವಿದ್ಯುತ್ ಕಚೇರಿಗೆ ಫೋನ್ ಮಾಡಿದರು. ಏಳು ತಿಂಗಳಿಂದ ಆ ಬೀದಿಗೆ ದಿನವೂ ಎರಡರಿಂದ ನಾಲ್ಕರವರೆಗೆ ಕರೆಂಟಿಲ್ಲ ಎಂದು ಉತ್ತರ ಬಂತು. ಅದು ದೊಡ್ಡಕ್ಕನ ಪಾಳಿಯ ಹೊತ್ತು. ಜ್ವರಕ್ಕೆ ಅದೇ ಕಾರಣವೆಂದು ತೋರಿಸಬಹುದಾದ ಕಾಗದಗಳು ಮಾತ್ರ, ಗುಂಡಿಯಿಂದೆತ್ತಿ ಹಾಕಿದ ಬಕೆಟ್ಟಿನಲ್ಲಿ, ಮುದ್ದೆಯಾಗಿ ಕೂತಿದ್ದವು. ಇನ್ಸ್‌ಪೆಕ್ಟರಿಗೆ ದೊಡ್ಡಕ್ಕನ ಮೇಲೆ ಮರುಕ ಹುಟ್ಟಿತು, ಅದನ್ನು ಬರೆಯಲು ಕೇಸ್ ಡೈರಿಯಲ್ಲಿ ಜಾಗವಿರಲಿಲ್ಲ.

ಜೀಪು ಹತ್ತಿಸುವಾಗ ಇನ್ಸ್‌ಪೆಕ್ಟರೇ ಕರೆಂಟಿನ ವಿಷಯ ತಿಳಿಸಿದರು. ದೊಡ್ಡಕ್ಕ ತಮ್ಮ ಅಂಗೈ ನೋಡಿಕೊಂಡರು. ಆಮೇಲೆ ಗಂಟೆ ಎಷ್ಟೆಂದು ಕೇಳಿದರು.

"ಒಂದೂ ಐವತ್ತು."

"ಒಳಗೆ ಒಬ್ಬಳು ನೋವು ತಿಂತಿದಾಳೆ ಸರ್. ಕತ್ತರಿ ಒಲೆ ಮೇಲಿಟ್ಟು ಇಪ್ಪತ್ತು ನಿಮಿಷ ಕುದಿಸೋಕೆ ಹೇಳಿ."

ಇನ್ಸ್‌ಪೆಕ್ಟರ್ ಜೀಪಿನ ಎಂಜಿನ್ ನಿಲ್ಲಿಸಲು ಹೇಳಿ ಇಳಿದು ಒಳಗೆ ಹೋದರು.