ಗೋಣಿಮರದ ಬಾವಲಿಗಳು

"ಅಮ್ಮ, ಮರ ಕಡಿಯೋದು ಬ್ಯಾಡ ಅನ್ನು," ದೀಪಿಕ ಅಮ್ಮನ ಸೆರಗು ಜಗ್ಗಿದಳು.

ಹೊರಗೆ ಮರ ಕುಯ್ಯುವ ಮಿಷನ್ನು ಗುರ್ರೆನ್ನುತ್ತಿತ್ತು. ಮಂಡ್ಯದ ಆ ಬೀದಿಯ ಕೊನೆಯಲ್ಲಿದ್ದ ಗೋಣಿಮರದಲ್ಲಿ ಬಾವಲಿಗಳು ಹಗಲೆಲ್ಲ ತಲೆಕೆಳಗಾಗಿ ತೂಗಾಡುತ್ತಿದ್ದವು. ಈಗ ಅವು ಸುಡುವ ಬಿಸಿಲಲ್ಲಿ ಕಿರುಚುತ್ತ ಮರವನ್ನೇ ಸುತ್ತುತ್ತಿದ್ದವು.

"ತಮ್ಮ ಆಸ್ಪತ್ರೇಲಿ ಮಲಗವ್ನೆ. ನಿಂಗೆ ಬಾವಲಿ ಚಿಂತೆ," ಎಂದಳು ಅಮ್ಮ ಕವಿತ, ಅಪ್ಪುವಿನ ಬಟ್ಟೆಯನ್ನು ಚೀಲಕ್ಕೆ ತುರುಕುತ್ತ.

ಅಪ್ಪುವಿಗೆ ಜ್ವರ ಇಳಿದಿರಲಿಲ್ಲ. ಬಾವಲಿಯಿಂದಲೇ ಜ್ವರ ಬರುತ್ತದಂತೆ, ಟಿ.ವಿ.ಯಲ್ಲಿ ತೋರಿಸಿದರು ಎಂದು ಎದುರು ಮನೆಯ ಜಯಪ್ರಕಾಶ್ ಹೇಳಿದ್ದ. ಅಮ್ಮ ಮನೆಮನೆಗೂ ಹೋಗಿ, ಮರ ತೆಗೆಸೋಣ ಎಂದು ಎಲ್ಲರನ್ನೂ ಒಪ್ಪಿಸಿದ್ದಳು.

"ಅವು ಕಚ್ಚಿದ ಹಣ್ಣು ತಿನ್ಬಾರ್ದು, ಅವನ್ನ ಮುಟ್ಬಾರ್ದು. ಅವುಗಳ ಪಾಡಿಗೆ ಬುಟ್ರೆ ಏನೂ ಆಗಲ್ಲ ಅಂತ ಮಿಸ್ಸು ಹೇಳವ್ರೆ ಕಣಮ್ಮ."

"ನಿಮ್ಮ ಮಿಸ್ಸು ನನ್ನ ಮಗನ್ನ ನೋಡವ್ರಾ?"

ದೀಪಿಕ ಬೀದಿಗೆ ಓಡಿದಳು. "ಮಾಮ, ಮರಿಗಳೂ ಅವೆ. ಅವು ದೊಡ್ಡವಾಗೋ ಗಂಟ ಬುಟ್ಬುಡಿ."

"ಅತ್ತಗೆ ಹೋಗವ್ವ, ಕೊಂಬೆ ಬಿದ್ದಾತು," ಎಂದ ಜಯಪ್ರಕಾಶ್.

ಕೊಂಬೆ ಬಿತ್ತು. ಎಲೆಗಳ ನಡುವೆ ಒಂದು ತಾಯಿ ಬಾವಲಿ ಸತ್ತು ಬಿದ್ದಿತ್ತು. ಅದರ ಎದೆಗೆ ಕಚ್ಚಿಕೊಂಡಿದ್ದ ಮರಿ ಸ್ವಲ್ಪ ಹೊತ್ತು ಅಲುಗಿತು. ಆಮೇಲೆ ಅದೂ ಸುಮ್ಮನಾಯಿತು. ದೀಪಿಕ ಮುಟ್ಟಲಿಲ್ಲ. ಎಲೆ ತುಂಬಿದ ಒಂದು ರೆಂಬೆಯನ್ನು ಎಳೆದು ಎರಡನ್ನೂ ಮುಚ್ಚಿದಳು.

ಮಾರನೆಯ ದಿನ ಆಸ್ಪತ್ರೆಯಲ್ಲಿ ರಕ್ತದ ರಿಪೋರ್ಟ್ ಬಂತು.

"ಡೆಂಗಿ. ಸೊಳ್ಳೆಯಿಂದ ಬಂದಿರೋದು," ಎಂದರು ಡಾಕ್ಟರು. "ಮನೆ ಹತ್ರ ಎಲ್ಲಾದ್ರೂ ನೀರು ನಿಂತಿದೆಯಾ? ಹುಡುಗ ಹುಷಾರಾಗ್ತಾನೆ, ಹೆದರಬೇಡಿ."

ಅಮ್ಮ ಅಪ್ಪನನ್ನು ಅಪ್ಪುವಿನ ಬಳಿ ಬಿಟ್ಟು, ದೀಪಿಕಳ ಜೊತೆ ಆಟೋದಲ್ಲಿ ಮನೆಗೆ ಬಂದಳು.

ನೆಟ್ಟಗೆ ಹಿತ್ತಲಿಗೆ ಹೋದಳು. ಮುಚ್ಚಳವಿಲ್ಲದ ನೀಲಿ ಡ್ರಮ್ಮಿನಲ್ಲಿ ಸಣ್ಣ ಸಣ್ಣ ಹುಳುಗಳು ಮೇಲಕ್ಕೂ ಕೆಳಕ್ಕೂ ಓಡಾಡುತ್ತಿದ್ದವು.

'ನಾ ಹೇಳ್ಲಿಲ್ವಾ?' ದಾರಿಯುದ್ದಕ್ಕೂ ದೀಪಿಕ ಇದೊಂದು ಮಾತನ್ನೇ ನುಂಗಿಕೊಂಡು ಬಂದಿದ್ದಳು. ಈಗ ಹೇಳಲು ಬಾಯಿ ತೆರೆದಳು.

ಅಷ್ಟರಲ್ಲಿ ಮುಸ್ಸಂಜೆಯ ಆಕಾಶದಲ್ಲಿ ರೆಕ್ಕೆಗಳ ಸದ್ದು. ಕೆಲವೇ ಬಾವಲಿಗಳು. ಮರವಿದ್ದ ಜಾಗದ ಮೇಲೆ ತಗ್ಗಿ ಹಾರಿದವು, ತಿರುಗಿ ಬಂದವು, ಇನ್ನೊಮ್ಮೆ ಸುತ್ತಿದವು. ಕೂರಲು ಅಲ್ಲಿ ಏನೂ ಇರಲಿಲ್ಲ. ಕೊನೆಗೆ ಪಕ್ಕದೂರು ಹನಕೆರೆಯ ಕಡೆಗೆ ಹೊರಟುಹೋದವು.

"ಎಲ್ಲಿಗೆ ಹೋಯ್ತವೆ ಇವು?" ಅಮ್ಮ ಮೆಲ್ಲಗೆ ಕೇಳಿದಳು.

"ಗೊತ್ತಿಲ್ಲ ಕಣಮ್ಮ."

ಅಮ್ಮ ಡ್ರಮ್ಮನ್ನು ಬಗ್ಗಿಸಲು ನೋಡಿದಳು. ತುಂಬಿದ ಡ್ರಮ್ಮು ಜರುಗಲಿಲ್ಲ. ಅಪ್ಪುವನ್ನು ಎತ್ತಿಕೊಂಡು ಆಸ್ಪತ್ರೆಯ ಮೆಟ್ಟಿಲು ಹತ್ತಿದಾಗಿನ ಹಾಗೆಯೇ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಮತ್ತೆ ನೂಕಿದಳು.

ದೀಪಿಕ ಹೇಳಬೇಕೆಂದಿದ್ದ ಮಾತನ್ನು ಹೇಳಲಿಲ್ಲ. ಹತ್ತಿರ ಹೋಗಿ ಡ್ರಮ್ಮಿನ ಇನ್ನೊಂದು ಬದಿ ಹಿಡಿದಳು.