ಮೀನಿಗೆ ಫಿನಾಯಿಲ್ ಹಾಕಿದವರು ಯಾರು?

ಎಂಟು ಗೋಲ್ಡ್ ಫಿಶ್‌ಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು.

ಲತಾಮಣಿಯ ಕೂಗು ಕೇಳಿ ನಾನು ಪಕ್ಕದ ಮನೆಯಿಂದ ಓಡಿ ಹೋದಾಗ ಸೋಮವಾರ ಬೆಳಿಗ್ಗೆ ಏಳು ಗಂಟೆ. ರಾಮನಗರ ಜಿಲ್ಲೆಯಾದ ವರ್ಷ ಅದು. ಲತಾಮಣಿಯ ಗಂಡ ಅನಂತರಾಜು ಬಿಡದಿಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ. ನಮ್ಮ ಬಡಾವಣೆಯಲ್ಲಿ ಮನೆ ಕಟ್ಟಿ, ಹಾಲ್‌ನಲ್ಲಿ ನಾಲ್ಕಡಿ ಉದ್ದದ ಮೀನಿನ ತೊಟ್ಟಿ ಇಟ್ಟಿದ್ದ.

"ಇದು ವಿಷ ಕಣಣ್ಣ! ಫಿನಾಯಿಲ್ ವಾಸ್ನೆ ಬರ್ತಾ ಐತೆ!" ಎಂದವನು ಅವನ ತಮ್ಮ ನಟರಾಜು. ರೇಷ್ಮೆಗೂಡಿನಿಂದ ನೂಲು ತೆಗೆಯುವ ಘಟಕವೊಂದರಲ್ಲಿ ಮೇಸ್ತ್ರಿ. "ಆ ಕೆಲಸದೋಳದ್ದೇ ಇದು. ಶನಿವಾರ ಅತ್ತಿಗೆ ಬೈದ್ರಲ್ಲ, ಆ ಸಿಟ್ಟು!"

ಆಗಷ್ಟೇ ಬಾಗಿಲಿಗೆ ಬಂದಿದ್ದ ಮಜೀದಾ ಹಾಗೇ ನಿಂತಳು. ಆ ಮನೆಯಲ್ಲಿ ಕೆಲಸಕ್ಕೆ ಸೇರಿ ಅವಳಿಗೆ ಹತ್ತು ದಿನವಾಗಿತ್ತು.

"ನಾನ್ಯಾಕಣ್ಣ ಮೀನು ಸಾಯಿಸ್ಲಿ?"

"ಬಾಯಿ ಮುಚ್ಚು! ಸ್ಟೇಷನ್‌ಗೆ ಹೋದ್ರೆ ನೀನೇ ಒಪ್ಕೊಳ್ತೀಯ!"

ನಟರಾಜು ಅಷ್ಟಕ್ಕೇ ಬಿಡಲಿಲ್ಲ. ಬೀದಿಗೆ ಬಂದು ಎಲ್ಲರಿಗೂ ಕೇಳುವಂತೆ ಕೂಗಿದ — ಇವತ್ತು ಮೀನಿಗೆ ಹಾಕಿದವಳು ನಾಳೆ ಅನ್ನಕ್ಕೆ ಹಾಕುತ್ತಾಳೆ ಎಂದು. ಹನ್ನೊಂದು ಗಂಟೆಯೊಳಗೆ ಅವಳು ಕೆಲಸ ಮಾಡುತ್ತಿದ್ದ ಇನ್ನೂ ಮೂರು ಮನೆಗಳ ಬಾಗಿಲು ಮುಚ್ಚಿದವು. ಯಾರೂ ಒಂದು ಮಾತು ಕೇಳಲಿಲ್ಲ. ನನಗೆ ಮೈಯೆಲ್ಲ ಉರಿಯಿತು.

"ಏಳು ಮಜೀದಾ," ಎಂದೆ, ನಮ್ಮ ಮನೆಯ ಮೆಟ್ಟಿಲ ಮೇಲೆ ಕೂತಿದ್ದ ಅವಳಿಗೆ. "ಮುನಿರತ್ನಮ್ಮನ ಹತ್ರ ಹೋಗೋಣ."

ಮುನಿರತ್ನಮ್ಮ ಕಾಲೇಜಿನ ಪ್ರಾಣಿಶಾಸ್ತ್ರದ ಲ್ಯಾಬಿನಲ್ಲಿ ಮೂವತ್ತು ವರ್ಷ ಅಟೆಂಡರ್ ಆಗಿದ್ದು ನಿವೃತ್ತರಾದವರು. ಅಲ್ಲಿದ್ದ ಮೀನುಗಳನ್ನು ಸಾಕಿದ್ದು ಅವರೇ. ಎಲ್ಲ ಕೇಳಿಸಿಕೊಂಡು ಚಪ್ಪಲಿ ಮೆಟ್ಟಿದರು.

"ರಾಧಾಮಣಿ, ತೊಟ್ಟಿ ನೀರು ಚೆಲ್ಲಿಬಿಟ್ರಾ?" ಎಂದು ನನ್ನನ್ನು ಕೇಳಿದರು.

"ಗೊತ್ತಿಲ್ಲಮ್ಮ. ಯಾಕೆ?"

"ಬಾ ಬೇಗ."

ನಾವು ಹೋದಾಗ ಸತ್ತ ಮೀನುಗಳನ್ನು ತೆಗೆದಾಗಿತ್ತು. ನಟರಾಜು ತೊಟ್ಟಿಯೊಳಗೆ ಪೈಪು ಇಳಿಬಿಡುತ್ತಿದ್ದ.

"ಪೈಪು ತೆಗಿಯಪ್ಪ," ಎಂದರು ಮುನಿರತ್ನಮ್ಮ. "ಸಾಕ್ಷಿ ಇರೋದೇ ಆ ನೀರಲ್ಲಿ."

"ಅಯ್ಯೋ, ವಿಷದ ನೀರು ಮಡಿಕ್ಕಂಡು ಏನ್ ಮಾಡಾನ?"

"ವಿಷನೋ ಅಲ್ವೋ ನೋಡಾಣ. ಲತಾಮಣಿ, ಒಂದು ಲೋಟ ನೀರು, ಆ ಫಿನಾಯಿಲ್ ಬಾಟ್ಲಿ ತಗೊಂಬಾ."

ಮಜೀದಾ ನೆಲ ಒರೆಸಲು ಬಳಸುತ್ತಿದ್ದ ಬಾಟಲಿಯೇ ಅದು. ಲೋಟದ ನೀರಿಗೆ ನಾಲ್ಕು ಹನಿ ಬಿದ್ದವು. ನೀರು ಹಾಲಿನಂತೆ ಬೆಳ್ಳಗಾಯಿತು.

"ಮೀನು ಸಾಯೋವಷ್ಟು ಸುರಿದಿದ್ರೆ ತೊಟ್ಟಿ ನೀರೂ ಬೆಳ್ಳಗಾಗ್ಬೇಕಿತ್ತು. ಹಂಗಿತ್ತಾ ಅನಂತರಾಜು?"

ಅನಂತರಾಜು ತಲೆ ಕೆರೆದುಕೊಂಡ. "ಇಲ್ಲ ಮುನಿರತ್ನಮ್ಮೋರೆ. ಇಂಗೇ ಇತ್ತು."

"ಬೇರೆ ಏನೋ ವಿಷ ಹಾಕಿರ್ಬೋದು!" ಎಂದ ನಟರಾಜು.

ಮುನಿರತ್ನಮ್ಮ ಗಾಜಿಗೆ ಬೆರಳಿಟ್ಟರು. ಒಳಗೆ ಎರಡು ನೀಲಿ ಮೀನುಗಳು ಆರಾಮವಾಗಿ ಓಡಾಡುತ್ತಿದ್ದವು. "ಅದೇ ನೀರಲ್ಲಿ ಈ ಎರಡು ಗೌರಾಮಿ ಹೆಂಗೆ ಬದುಕಿದ್ವು? ವಿಷ ಇವನ್ನ ಬಿಟ್ಬುಡ್ತಾ?"

ಆ ಮೀನುಗಳನ್ನು ಬೆಳಗಿನಿಂದ ಎಲ್ಲರೂ ನೋಡಿದ್ದೆವು. ನಾನೂ ನೋಡಿದ್ದೆ. ಸತ್ತವುಗಳ ಲೆಕ್ಕದಲ್ಲಿ ಬದುಕಿದ್ದವನ್ನು ಯಾರೂ ಗಮನಿಸಿರಲಿಲ್ಲ.

"ಲತಾಮಣಿ, ಸಾಯೋಕೆ ಮುಂಚೆ ಮೀನು ಏನ್ ಮಾಡ್ತಿದ್ವು?"

"ನೆನ್ನೆ ಬೆಳಗ್ಗೆಯಿಂದ್ಲೇ ಎಲ್ಲಾ ಮೇಲಕ್ಕೆ ಬಂದು ಬಾಯಿ ಬಿಡ್ತಿದ್ವು ಕಣಮ್ಮ. ಹಸಿವೇನೋ ಅಂತ ಒಸಿ ಜಾಸ್ತಿ ತಿಂಡಿ ಹಾಕ್ದೆ."

"ಹಸಿವಲ್ಲ, ಉಸಿರು ಕಟ್ತಿತ್ತು. ನೆನ್ನೆ ಭಾನುವಾರ. ಮಜೀದಾ ಬಂದಿದ್ಲಾ?"

"ಇಲ್ಲ... ಭಾನುವಾರ ಅವ್ಳು ಬರಕಿಲ್ಲ. ಶನಿವಾರ ಮಧ್ಯಾಹ್ನ ಹೋದೋಳು ಇವತ್ತೇ ಬಂದದ್ದು."

"ಅವಳು ಹೋದಾಗ ಮೀನು ಹೆಂಗಿದ್ವು?"

"ಚೆನ್ನಾಗಿದ್ವು." ಲತಾಮಣಿಯ ದನಿ ಇಳಿಯಿತು. "ಸಾಯಂಕಾಲಾನೂ ಚೆನ್ನಾಗೇ ಇದ್ವು."

"ಗಾಳಿ ಮೋಟ್ರು ಯಾಕೆ ಆಫ್ ಆಗೈತೆ?"

"ಸದ್ದು ಮಾಡ್ತದೆ ಅಂತ ಮಲಗೋವಾಗ ಆರಿಸ್ತೀವಿ. ಎರಡು ವರ್ಷದಿಂದ ಇಂಗೇ. ಏನೂ ಆಗಿರ್ಲಿಲ್ಲ."

"ತಪ್ಪೇ ಅದು. ಆದ್ರೂ ಎರಡು ವರ್ಷ ತಡ್ಕೊಂಡಿದ್ವು. ಹಂಗಾದ್ರೆ ಶನಿವಾರ ಸಾಯಂಕಾಲ ಹೊಸದಾಗಿ ಏನಾಯ್ತು?"

ನಟರಾಜು ಬಾಗಿಲ ಕಡೆ ಹೆಜ್ಜೆ ಹಾಕಿದ. "ನಂಗೆ ಕೆಲ್ಸಕ್ಕೆ ಹೊತ್ತಾಯ್ತು."

"ಕೂತ್ಕೊಳಪ್ಪ. ಬೆಳಗ್ಗೆ ಬೀದೀಲಿ ಕೂಗೋಕೆ ಹೊತ್ತಿತ್ತಲ್ಲ?"

ಮುನಿರತ್ನಮ್ಮ ಹಳೆಯ ಪೇಪರಿನ ಒಂದು ಹಾಳೆ ತೆಗೆದುಕೊಂಡು ನೀರಿನ ಮೇಲೆ ಹಾಸಿ, ಮೆಲ್ಲಗೆ ಎತ್ತಿದರು. ಬೋಂಡಾ ಕಟ್ಟಿದ ಕಾಗದದ ಹಾಗೆ ಅದು ಜಿಡ್ಡು ಜಿಡ್ಡಾಗಿತ್ತು. ಅದನ್ನು ಅನಂತರಾಜುವಿನ ಮೂಗಿಗೆ ಹಿಡಿದರು.

"ಏನು ವಾಸ್ನೆ?"

ಅವನು ಮುಖ ಸಿಂಡರಿಸಿದ. "ಗೂಡಿನ ಹುಳದ್ದು!"

ರಾಮನಗರದಲ್ಲಿ ಬೆಳೆದ ಯಾರಿಗೂ ಆ ವಾಸನೆಯನ್ನು ಹೇಳಿಕೊಡಬೇಕಿಲ್ಲ. ಬೇಯಿಸಿದ ಗೂಡಿನಿಂದ ನೂಲು ತೆಗೆದ ಮೇಲೆ ಒಳಗಿನ ಹುಳ ಉಳಿಯುತ್ತದೆ. ಮೈತುಂಬ ಎಣ್ಣೆ ಅದಕ್ಕೆ. ಮುನಿರತ್ನಮ್ಮ ಸೌಟಿನಿಂದ ತಳದ ಕಲ್ಲುಗಳನ್ನು ಕೆದಕಿದರು. ಕಂದು ಬಣ್ಣದ ಕೊಳೆತ ಚೂರುಗಳು ಮೇಲೆದ್ದವು.

"ಕೇಳಿ," ಎಂದರು. "ನೀರಿಗೆ ಗಾಳಿ ಸೇರೋದು ಮೇಲ್ಭಾಗದಿಂದ. ಅಲ್ಲಿ ಎಣ್ಣೆ ಪದರ ಕಟ್ಟಿತು. ತಳದಲ್ಲಿ ಹುಳ ಕೊಳೆತು, ಇದ್ದ ಗಾಳೀನೂ ಎಳ್ಕೊಂತು. ಮೇಲೆ ಲತಾಮಣಿ ಹಾಕಿದ ತಿಂಡಿ ಬೇರೆ. ರಾತ್ರಿ ಮೋಟ್ರು ಆರ್ಸಿದ್ರಿ. ಮೊದಲ ರಾತ್ರಿ ಒದ್ದಾಡಿದ್ವು, ಎರಡನೇ ರಾತ್ರಿ ಸತ್ವು. ಗೌರಾಮಿ ಮಾತ್ರ ಬಾಯಿ ಹೊರಗೆ ಹಾಕಿ ಗಾಳೀನೇ ಉಸಿರಾಡೋ ಜಾತಿ. ಅದಕ್ಕೇ ಬದುಕಿದ್ವು. ಫಿನಾಯಿಲ್ ಅಲ್ಲ, ವಿಷಾನೂ ಅಲ್ಲ. ಈ ಮನೇಲಿ ಗೂಡಿನ ಹುಳ ತರೋರು ಯಾರು?"

ಅನಂತರಾಜು ತಮ್ಮನತ್ತ ತಿರುಗಿದ. "ಏನ್ಲಾ ಇದು?"

"ಶನಿವಾರ ಸಾಯಂಕಾಲ ಒಂದ್ ಎರಡ್ ಹಿಡಿ ಹಾಕ್ದೆ ಕಣಣ್ಣ," ನಟರಾಜು ಗೊಣಗಿದ. "ಕೆರೆ ಮೀನಿಗೆ ಹಾಕ್ತಾರಲ್ಲ, ದಪ್ಪ ಆಯ್ತವೆ ಅಂತ. ಸಾಯ್ತವೆ ಅಂತ ನಂಗೇನ್ ಗೊತ್ತು?"

"ಗೊತ್ತಿರಲಿಲ್ಲ, ಸರಿ," ಮುನಿರತ್ನಮ್ಮ ದನಿ ಏರಿಸಿದರು. ಅವರು ಹಾಗೆ ಸಿಟ್ಟಾದದ್ದನ್ನು ನಾನು ನೋಡಿರಲಿಲ್ಲ. "ಮೀನು ಸತ್ತಾಗ ನಿನ್ನ ಕೈ ಕೆಲ್ಸ ನಿಂಗೆ ನೆನಪಾಯ್ತು. ಅದಕ್ಕೇ ಇಲ್ಲದ ಫಿನಾಯಿಲ್ ವಾಸ್ನೆ ಎಲ್ಲರಿಗಿಂತ ಮೊದಲು ನಿನ್ನ ಮೂಗಿಗೆ ಬಡೀತು. ಅದಕ್ಕೇ ನೀರು ಚೆಲ್ಲೋ ಆತುರ. ಮೀನಿನ ಸಾವು ತಿಳೀದೆ ಆದದ್ದು. ಈ ಹೆಂಗಸಿನ ಅನ್ನ ಕಿತ್ತದ್ದು ತಿಳಿದೇ ಮಾಡಿದ್ದು! ನಾಚಿಕೆ ಆಗ್ಬೇಕು!"

ಅನಂತರಾಜು ಕೈಮುಗಿದ. "ತಪ್ಪಾಯ್ತು ಮಜೀದಾ. ನಾಳೆಯಿಂದ ಕೆಲ್ಸಕ್ಕೆ ಬಾಮ್ಮ."

ಬಾಗಿಲಾಚೆ ನಿಂತಿದ್ದ ಮಜೀದಾ ಸೆರಗು ಬಿಗಿಮಾಡಿಕೊಂಡಳು.

"ನಿಮ್ಮನೆ ಕೆಲಸ ನಂಗೆ ಬ್ಯಾಡಣ್ಣ. ಆ ಮೂರು ಮನೆ ನಂಗೆ ಬೇಕು. ನಿಮ್ಮ ತಮ್ಮ ನನ್ ಜೊತೆ ಬರ್ಲಿ. ಒಂದೊಂದು ಬಾಗಿಲಲ್ಲೂ ನಿಂತು, ಮೀನು ಸಾಯ್ಸಿದ್ದು ನಾನು ಅಂತ ಹೇಳ್ಲಿ."

"ಎಲ್ಲರ ಮುಂದೆ ಎಂಗಣ್ಣ ಹೇಳಾದು?" ನಟರಾಜು ಅಣ್ಣನ ಮುಖ ನೋಡಿದ.

"ಹೋಗ್ಲಾ," ಎಂದ ಅನಂತರಾಜು.

ಮಜೀದಾ ಮುಂದೆ, ನಟರಾಜು ಹಿಂದೆ, ಅವನ ಹಿಂದೆ ನಾವಿಬ್ಬರು. ಮೊದಲ ಮನೆಯ ಸರಸಮ್ಮ ಬಾಗಿಲು ತೆರೆದರು. ನಟರಾಜು ನೆಲ ನೋಡುತ್ತ ಏನೋ ಪಿಸುಗುಟ್ಟಿದ.

"ಕೇಳಿಸ್ಲಿಲ್ಲ," ಎಂದಳು ಮಜೀದಾ.